ಅತ್ತೆಯ ಮಾಫಿ ಪಟ್ಟಿ

ಅತ್ತೆ ಹಜ್‌ಗೆ ಹೊರಡಲು ಇನ್ನೂ ಒಂಬತ್ತು ದಿನ ಇತ್ತು. ಅಷ್ಟರಲ್ಲೇ ನಮ್ಮ ಕಟ್ಟಡದ ಮೂರು ಮನೆಯವರು ನಮ್ಮ ಜೊತೆ ಮಾತು ಬಿಟ್ಟಿದ್ದರು.

ತಪ್ಪು ಇಮಾಮರದ್ದಲ್ಲ. "ನಮಾಜ್ ತಪ್ಪಿದ್ರೆ ಅಲ್ಲಾಹ್ ಮನ್ನಿಸಬಹುದು. ಆದ್ರೆ ಮನುಷ್ಯರಿಗೆ ಮಾಡಿದ ತಪ್ಪನ್ನ ಆ ಮನುಷ್ಯರೇ ಮನ್ನಿಸಬೇಕು. ಹೊರಡೋ ಮೊದಲು ಎಲ್ಲರ ಹತ್ರ ಮಾಫಿ ಕೇಳ್ಕೊಳ್ಳಿ" ಎಂದಿದ್ದರು, ಅಷ್ಟೇ. ಒಂದೊಂದು ತಪ್ಪನ್ನೂ ಪಾಠದ ಹಾಗೆ ಒಪ್ಪಿಸಿ ಅನ್ನಲಿಲ್ಲ. ಆದರೆ ನಮ್ಮ ಅತ್ತೆ ಏನನ್ನೂ ಅರ್ಧಂಬರ್ಧ ಮಾಡುವವರಲ್ಲ. ನಾನು ಬಟ್ಟೆ ಕತ್ತರಿಸಲು ಅಳತೆ ಗುರುತಿಸುವ ಕಂದು ಕಾಗದದ ಮೇಲೆ ಹತ್ತು ಮನೆಗಳ ಪಟ್ಟಿ ಬರೆದರು. ಕಾಗದದ ಮೇಲಂಚು ಹರಿದಿತ್ತು. ಹಾಳು ಮಾಡಬೇಡಿ ಅತ್ತೆ, ದುಡ್ಡು ಕೊಟ್ಟು ತಂದ ಕಾಗದ ಎಂದು ಗೊಣಗಿದೆ.

ಪಟ್ಟಿಯಲ್ಲಿ ನನ್ನ ಹೆಸರು ಇರಲಿಲ್ಲ. ಹನ್ನೊಂದು ವರ್ಷ ಒಂದೇ ಅಡುಗೆಮನೆಯಲ್ಲಿ ಇವರ ಬಾಯಿ ಸಹಿಸಿಕೊಂಡವಳು ನಾನು! ನನ್ನ ಸರದಿ ಯಾವಾಗ ಎಂದು ಗಂಡನನ್ನು ಕೇಳಿದರೆ, "ಅಮ್ಮ ಅಲ್ವಾ, ಬಿಡು" ಎಂದರು. ಆ ಮನುಷ್ಯನಿಗೆ ಬರುವ ಮಾತೇ ಅದೊಂದು.

ಅತ್ತೆಗೆ ಕಿವಿ ಮಂದ. ಹಾಗಾಗಿ ಅವರು ಪಿಸುಗುಟ್ಟಿದರೂ ಎರಡು ಮಹಡಿಗೆ ಕೇಳುತ್ತದೆ. ಮಂಡಿನೋವು ಬೇರೆ, ಕಟ್ಟಡಕ್ಕೆ ಲಿಫ್ಟ್ ಇಲ್ಲ. ಕೈ ಹಿಡಿದು ಮನೆ ಮನೆಗೂ ಕರೆದೊಯ್ಯುವ ಕರ್ಮ ನನ್ನದು.

ಮೊದಲು ಮೂರನೇ ಮಹಡಿಯ ಟೀಚರ್ ಮನೆ.

"ನಿಮ್ಮ ಮಗಳಿಗೆ ಗಂಡು ಸಿಗದೆ ಇರೋದಕ್ಕೆ ನಿಮ್ಮ ಬಾಯೇ ಕಾರಣ ಅಂದಿದ್ದೆ. ಮಾಫ್ ಮಾಡಿ," ಎಂದರು ಅತ್ತೆ.

"ಮೆಲ್ಲಗೆ ಅತ್ತೆ!" ಎಂದೆ.

ಟೀಚರ್ ಮುಖ ಕೆಂಪಗಾಯಿತು. ಪಾಪ, ಅವರಿಗೆ ಈ ಸಂಗತಿಯೇ ಗೊತ್ತಿರಲಿಲ್ಲ. "ಯಾರ ಹತ್ರ ಅಂದ್ರಿ?"

"ಎಲ್ಲರ ಹತ್ರ."

ಸಂಜೆಯೊಳಗೆ ಟೀಚರ್ ಮಗಳು ಬಂದು ನಾನು ಅರ್ಧ ಹೊಲಿದಿದ್ದ ಅವಳ ಎರಡು ಬಟ್ಟೆ ವಾಪಸ್ ಒಯ್ದಳು. ಎರಡನೇ ದಿನ ಇನ್ನೆರಡು ಮನೆಯವರೂ ಹಾಗೇ ಮಾಡಿದರು. ಇವರಿಗೆ ಪುಣ್ಯ, ನನಗೆ ನಷ್ಟ! "ಅತ್ತೆ, ತಪ್ಪಾಯ್ತು ಅಂತ ಅಷ್ಟೇ ಹೇಳಿ. ಏನು ತಪ್ಪು ಅಂತ ಯಾಕೆ ಬಿಡಿಸಿ ಬಿಡಿಸಿ ಹೇಳ್ತೀರಿ? ಕೆರೆದು ಹುಣ್ಣು ಮಾಡಿದ ಹಾಗಾಯ್ತಲ್ಲ!"

"ಏನು ಅಂತ ಹೇಳದೆ ಮಾಫಿ ಕೇಳಿದ್ರೆ ಅದು ಮೋಸ ಕಣೇ," ಎಂದರು.

ಮೂರನೇ ದಿನ ನೆಲಮಹಡಿಯ ನರ್ಸಮ್ಮನ ಮನೆಗೆ ಹೋದೆವು. ಆಕೆ ಅತ್ತೆಯ ಮಾತು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ನಂದು ಬಿಡಿ ಅಜ್ಜಿ, ಮಾಫ್. ನಿಮ್ಮ ಸೊಸೆ ಹತ್ರ ಕೇಳಿದ್ರಾ? ಆ ಮಗು ವಿಷಯ..." ಎಂದವಳು ನನ್ನ ಮುಖ ನೋಡಿ ಬಾಯಿ ಮುಚ್ಚಿಕೊಂಡಳು.

ಆರು ವರ್ಷದ ಹಿಂದೆ ನನ್ನ ಮಗು ಏಳು ತಿಂಗಳಿಗೆ ಹೊಟ್ಟೆಯಲ್ಲೇ ತೀರಿಕೊಂಡಿತ್ತು. ಬಸುರಿ ಹೆಂಗಸು ಹಗಲೂ ರಾತ್ರಿ ಹೊಲಿಗೆ ಮಷಿನ್ ತುಳಿದರೆ ಇನ್ನೇನಾಗುತ್ತೆ ಎಂಬ ಮಾತು ಕಟ್ಟಡವೆಲ್ಲ ಸುತ್ತಿ ನನ್ನ ಕಿವಿಗೂ ಬಿದ್ದಿತ್ತು. ಶುರು ಮಾಡಿದವರು ಯಾರೆಂದು ತಿಳಿದಿರಲಿಲ್ಲ. ನಾನೂ ಅದನ್ನು ನಂಬಿ ಎರಡು ವರ್ಷ ಮಷಿನ್‌ಗೆ ಬಟ್ಟೆ ಮುಚ್ಚಿಟ್ಟಿದ್ದೆ.

ಮೆಟ್ಟಿಲ ಹತ್ತಿರ ನಿಂತು ಕೇಳಿದೆ. "ನೀವಾ?"

ಅತ್ತೆ ಕಂಬಿ ಹಿಡಿದುಕೊಂಡರು. "ಪಟ್ಟಿಯಲ್ಲಿ ನಿನ್ನನ್ನೇ ಮೊದಲು ಬರೆದಿದ್ದೆ. ಆಮೇಲೆ ಧೈರ್ಯ ಬರದೆ ಆ ಅಂಚನ್ನೇ ಹರಿದು ಹಾಕ್ದೆ. ಮೊಮ್ಮಗು ಹೋದ ಸಂಕಟಕ್ಕೆ ಯಾರನ್ನಾದ್ರೂ ಬೈಬೇಕಿತ್ತು, ನೀನು ಎದುರಿಗಿದ್ದೆ. ಡಾಕ್ಟರು ಹಾಗಲ್ಲ ಅಂತ ಹೇಳಿದ್ರೂ ಆಡಿದ ಮಾತು ಹಿಂದೆ ತಗೊಳ್ಳಲಿಲ್ಲ. ಮಾಫ್ ಮಾಡ್ತೀಯಾ?"

ಆಯಿತು ಬಿಡಿ ಎನ್ನಲು ಎಷ್ಟು ಹೊತ್ತು?

"ಆಗಲ್ಲ ಅತ್ತೆ."

"ನಾನು ಹಜ್‌ನಲ್ಲೇ ಸತ್ತುಹೋದ್ರೆ?"

"ನನಗೊಬ್ಬಳಿಗೆ ಹೇಳಿದ್ರೆ ಏನು ಬಂತು? ಯಾರ್ಯಾರ ಹತ್ರ ಆ ಮಾತು ಆಡಿದ್ರೋ ಅವರಿಗೆಲ್ಲ ಹೋಗಿ ಸುಳ್ಳು ಅಂತ ಹೇಳಿ. ಆಮೇಲೆ ನನ್ನ ಕೇಳಿ."

ಕೈ ಹಿಡಿಯಲು ಹೋಗಲಿಲ್ಲ. ಅತ್ತೆ ಒಂದು ಕೈಯಲ್ಲಿ ಮಂಡಿ ಒತ್ತಿಕೊಂಡು ಒಂದೊಂದೇ ಮೆಟ್ಟಿಲು ಹತ್ತಿದರು. ಮೂರನೇ ಮಹಡಿ ತಲುಪಲು ಕಾಲು ಗಂಟೆ ಹಿಡಿಯಿತು. ನಮ್ಮ ಜೊತೆ ಮಾತು ಬಿಟ್ಟಿದ್ದ ಟೀಚರ್ ಮನೆಯ ಕರೆಗಂಟೆ ಒತ್ತಿದರು. ಬಾಗಿಲು ತೆರೆಯಿತು.

"ಬೈದ್ರೂ ಪರವಾಗಿಲ್ಲ, ಕೇಳಿಸ್ಕೊಳ್ಳಿ. ನನ್ನ ಸೊಸೆ ಮಗು ಸತ್ತಿದ್ದು ಅವಳ ತಪ್ಪಿಂದ ಅಲ್ಲ. ನಾನು ಹೇಳಿದ್ದು ಸುಳ್ಳು."

ಇಡೀ ಕಟ್ಟಡಕ್ಕೆ ಕೇಳಿಸಿತು. ನಾನು ಕೆಳಗಿನ ಮೆಟ್ಟಿಲ ಮೇಲೆ ಕುಳಿತು ಸೆರಗಿಗೆ ಮುಖ ಒತ್ತಿ ಅತ್ತುಬಿಟ್ಟೆ. ಮೆಲ್ಲಗೆ ಹೇಳಿ ಎಂದು ಈ ಸಲ ಕೂಗಲಿಲ್ಲ.