ಹಸಿರು ಪೊಟ್ಟಣ ತಿಂದವಳು

ನಮ್ಮ ಶಿಂಚು ನಗರದಲ್ಲಿ ಯಂತ್ರದ ತಲೆಯ ಮೇಲೆ ತೆಂಗಿನಕಾಯಿ ರುಚಿಯ ಕುರುಕಲಿನ ಹಸಿರು ಪೊಟ್ಟಣ ಇಡದ ಕಂಪ್ಯೂಟರ್ ಚಿಪ್ ಕಾರ್ಖಾನೆ ಸಿಗುವುದು ಕಷ್ಟ. ಅದರ ಹೆಸರಿಗೇ ಹಟ ಮಾಡದೆ ಜಾಣಮರಿಯಾಗಿರು ಎಂಬ ಅರ್ಥ; ಇಟ್ಟರೆ ಯಂತ್ರ ಕೆಡದೆ ಓಡುತ್ತದೆ ಎಂಬ ನಂಬಿಕೆ. ಪೊಟ್ಟಣ ಹಸಿರೇ ಆಗಿರಬೇಕು, ಅವಧಿ ಮೀರಿರಬಾರದು, ಅಪ್ಪಿತಪ್ಪಿಯೂ ಯಾರೂ ತಿನ್ನಬಾರದು. ನಾನೂ ಇಟ್ಟವಳೇ. ಆದರೆ ಆ ಪೊಟ್ಟಣದ ಹಿಂದೆ ಬಚ್ಚಿಟ್ಟುಕೊಳ್ಳುವ ದೊಡ್ಡ ಮನುಷ್ಯರನ್ನು ಕಂಡರೆ ನನಗೆ ವಾಕರಿಕೆ ಬರುತ್ತದೆ.

ನಮ್ಮ ಹೊಸ ಪ್ರೊಸೆಸರ್ ಚಿಪ್ ಆಗಲೇ ಎರಡು ಸಲ ಬಿಡುಗಡೆಯ ದಿನ ತಪ್ಪಿಸಿಕೊಂಡಿತ್ತು. ಪೂರ್ತಿ ವೇಗದಲ್ಲಿ ಓಡಿಸಿದರೆ ಸ್ವಲ್ಪ ಹೊತ್ತಿಗೇ ಕಂಪ್ಯೂಟರ್ ಕಲ್ಲಿನ ಹಾಗೆ ನಿಂತುಬಿಡುತ್ತಿತ್ತು. ಪರೀಕ್ಷೆ ಮಾಡುವವರು ನಾನು ಮತ್ತು ಬೋಹಾನ್. ಆ ವೇಗಕ್ಕೆ ಬೇಕಾದ ವಿದ್ಯುತ್ ಒಳಗೆ ಸಮವಾಗಿ ಮುಟ್ಟುತ್ತಿಲ್ಲ, ತಪ್ಪು ವಿನ್ಯಾಸದಲ್ಲೇ ಇದೆ ಎಂದು ಇಬ್ಬರೂ ಹೇಳಿದ್ದೆವು. ಆ ವಿನ್ಯಾಸಕ್ಕೆ ಒಪ್ಪಿಗೆ ಕೊಟ್ಟವರು ಮ್ಯಾನೇಜರ್ ಚುಂಗ್. ಅವರಿಗೆ ಬೇರೆ ಕಾರಣ ಬೇಕಾಗಿತ್ತು.

ಸಿಕ್ಕಿತು. ಬೋಹಾನ್ ಇಟ್ಟಿದ್ದ ಪೊಟ್ಟಣದ ಅವಧಿ ಮುಗಿದಿತ್ತು. ಚುಂಗ್ ಅದನ್ನು ಮೀಟಿಂಗಿನಲ್ಲಿ ಎತ್ತಿ ತೋರಿಸಿದಾಗ ಎಲ್ಲರೂ ನಕ್ಕರು. ಬರಬರುತ್ತಾ ನಗು ನಿಂತಿತು. ಇಷ್ಟು ಸಣ್ಣದನ್ನೇ ನೋಡಿಕೊಳ್ಳದವನು ಪರೀಕ್ಷೆಯನ್ನು ಇನ್ನೇನು ನೆಟ್ಟಗೆ ಮಾಡಿದ್ದಾನು ಎಂಬ ಮಾತು ಹುಟ್ಟಿತು. ಕಂಪ್ಯೂಟರ್ ತಯಾರಿಸುವ ಗಿರಾಕಿಗಳು ನೋಡಲು ಬರುವವರಿದ್ದರು. ಅವರೆದುರು ಚಿಪ್ ಸರಿಯಾಗಿ ಓಡಿದರೆ ತಪ್ಪೆಲ್ಲ ಬೋಹಾನ್‌ನದೇ ಎಂದಾಗಿ ಅವನ ಕೆಲಸ ಹೋಗುತ್ತಿತ್ತು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನಮ್ಮಲ್ಲಿ ನೆಲವನ್ನೇ ಕೆಲಸದಿಂದ ತೆಗೆಯುತ್ತಾರೆ.

"ಶೂವೆನ್ ಅಕ್ಕ, ನೀವು ಸುಮ್ನಿರಿ. ನನ್ ಜೊತೆ ನೀವ್ಯಾಕೆ ಹಾಳಾಗ್ತೀರಿ," ಎಂದ ಬೋಹಾನ್.

ಗಿರಾಕಿಗಳು ಬಂದ ದಿನ ಚುಂಗ್ ತಾವೇ ಹೊಸ ಪೊಟ್ಟಣ ಇಟ್ಟು ಭಕ್ತಿಯಿಂದ ಕೈಮುಗಿದರು. ಪರೀಕ್ಷೆ ಸಲೀಸಾಗಿ ಓಡತೊಡಗಿತು. ಹಳೇ ಪೊಟ್ಟಣದ ಜೊತೆ ಹಳೇ ಅಸಡ್ಡೆಯೂ ತೊಲಗಿತು ಎಂದು ಚುಂಗ್ ಬೋಹಾನ್ ಕಡೆ ನೋಡಿ ನಕ್ಕರು. ನಾನು ಪರದೆಯ ಮೂಲೆ ನೋಡಿದೆ. ಚಿಪ್‌ನ ವೇಗವನ್ನು ಸದ್ದಿಲ್ಲದೆ ಇಳಿಸಿಟ್ಟಿದ್ದರು. ಥೂ, ಇಂಥವರ ಜನ್ಮಕ್ಕೆ.

ಎದ್ದು ಹೋಗಿ ಪೊಟ್ಟಣ ಎತ್ತಿಕೊಂಡೆ, ಹರಿದೆ, ತಿನ್ನತೊಡಗಿದೆ. ಕುರುಂಕುರುಂ ಸದ್ದಿಗೆ ಕೋಣೆಯಲ್ಲಿದ್ದವರೆಲ್ಲ ಬೆಚ್ಚಿಬಿದ್ದರು. ಒಬ್ಬ ಗಿರಾಕಿಯಂತೂ ಕಣ್ಣೇ ಮುಚ್ಚಿಕೊಂಡ. ಯಂತ್ರ ಮಾತ್ರ ಓಡುತ್ತಲೇ ಇತ್ತು.

"ತಿಂದ್ರೂ ನಿಲ್ಲಲಿಲ್ಲ ನೋಡಿ ಸರ್," ಎಂದೆ. "ವೇಗ ಇಳಿಸಿಟ್ಟಿದ್ದೀರಲ್ಲ, ಅದಕ್ಕೆ. ಚಿಪ್ ಡಬ್ಬಿ ಮೇಲೆ ಅಚ್ಚು ಹಾಕ್ಸಿದ್ದೀರಲ್ಲ, ಆ ವೇಗಕ್ಕೆ ಏರ್ಸಿ."

ಚುಂಗ್ ಅಲುಗಲಿಲ್ಲ. ಗಿರಾಕಿಗಳಲ್ಲಿ ಹಿರಿಯಳಾದ ಹೆಂಗಸು ಬೋಹಾನ್‌ಗೆ ಸನ್ನೆ ಮಾಡಿದಳು. ಅವನು ಏರಿಸಿದ. ನಾನು ಬೆರಳು ನೆಕ್ಕಿ ಮುಗಿಸುವ ಮೊದಲೇ ಪರದೆ ನಿಂತುಹೋಯಿತು.

ಬಿಡುಗಡೆ ಮತ್ತೆ ಮುಂದಕ್ಕೆ ಹೋಯಿತು. ಬೋಹಾನ್ ಕೆಲಸ ಉಳಿಯಿತು. ಮರುದಿನ ಲ್ಯಾಬಿನ ಬಾಗಿಲಿಗೆ ಚುಂಗ್ ಸಹಿಯ ನೋಟೀಸು ಅಂಟಿತ್ತು. ಪರೀಕ್ಷೆಯ ನಡುವೆ ಸಿಬ್ಬಂದಿಯೊಬ್ಬರು ಪೊಟ್ಟಣ ತಿಂದದ್ದರಿಂದ ತೊಂದರೆಯಾಯಿತಂತೆ. ಓದಿದ ಎಂಜಿನಿಯರುಗಳು ನನ್ನಿಂದ ದೂರ ಸರಿದು ಹಾದುಹೋದರು.

ಒಳಗೆ ಬೋಹಾನ್ ಯಂತ್ರದ ಮೇಲೆ ಹೊಸ ಪೊಟ್ಟಣ ಇಡುತ್ತಿದ್ದ. ಅವಧಿಯ ತಾರೀಕನ್ನು ಮತ್ತೆ ಮತ್ತೆ ಓದಿ, ನನ್ನ ಮುಖ ನೋಡದೆ ಹೇಳಿದ:

"ಅಕ್ಕ, ತಪ್ಪು ತಿಳ್ಕೋಬೇಡಿ. ಇವತ್ತು ಸ್ವಲ್ಪ ಯಂತ್ರದಿಂದ ದೂರ ಕೂತ್ಕೊಳ್ತೀರಾ?"