ಹೊಳೆ ತಂದಿಟ್ಟ ನೆಲ

ಮದುವೆಯಾಗಿ ಬಂದಾಗಿನಿಂದ ತಾರಾಬಾಯಿ ಹೊಳೆಗೆ ಅಂಜಿದವಳಲ್ಲ. ಧುಪದಾಳದ ಆಣೆಕಟ್ಟಿನ ಕೆಳಗೆ, ಘಟಪ್ರಭೆಯ ದಂಡೆಗೆ ಹತ್ತಿಕೊಂಡೇ ಅವರ ಕಬ್ಬಿನ ಹೊಲ, ಹೊಲದಲ್ಲೇ ಮನೆ. ಮಳೆಗಾಲದಲ್ಲಿ ಹೊಳೆ ಎಷ್ಟು ಕೆಂಪಾಗಿ ಬಂದರೂ ಎತ್ತರದ ದಂಡೆಯ ಅರ್ಧಕ್ಕೆ ಏರಿ, ಒಂದಷ್ಟು ದಿನ ಭೋರ್ಗರೆದು ಇಳಿದುಹೋಗುತ್ತಿತ್ತು. ಅಂಜಿಕೆಯನ್ನು ಮನೆಗೆ ತಂದವಳು ಶ್ರದ್ಧಾ.

ಶ್ರದ್ಧಾ ಅವಳ ಭಾವನ ಮಗಳು, ಧಾರವಾಡದಲ್ಲಿ ಭೂಗರ್ಭಶಾಸ್ತ್ರ ಓದುತ್ತಿದ್ದಳು. ಎರಡು ಸಾವಿರದ ಐದನೇ ಇಸವಿಯ ಮುಂಗಾರು ಇನ್ನೂ ಬಲಿತಿರಲಿಲ್ಲ. ಸುತ್ತಿಗೆ, ಕಬ್ಬಿಣದ ಕೊಳವೆಗಳನ್ನು ಹಿಡಿದುಕೊಂಡು ಬಂದವಳು ದಿನವೆಲ್ಲ ದಂಡೆಯ ಮಣ್ಣು ಕೆರೆಯುತ್ತ ಕೂತಳು. ಒಂದು ದಿನ ತಾರಾಬಾಯಿಯನ್ನೂ ಕೊರಕಲಿನ ದಾರಿಯಿಂದ ಕೆಳಗಿಳಿಸಿದಳು.

"ಈ ಹಳದಿ ಮಣ್ಣ ನೋಡ ಕಾಕೂ. ಇದು ಬಿದ್ದ ಕಾಲದಾಗ ಬಡಗಣ ದೇಶದಾಗೆಲ್ಲಾ ಗುಡ್ಡದಷ್ಟ ಬರ್ಫ ಕುಂತಿತ್ತು. ಇಲ್ಲಿ ಮಳಿ ಕಡಿಮಿ, ಬರೇ ಒಣಗಾಳಿ. ನಮ್ಮ ಹೊಳಿ ಒಂದ ಸಣ್ಣ ಹಳ್ಳ ಆಗಿತ್ತು."

"ಅದರ ಮ್ಯಾಲಿನ ಕಲ್ಲು?"

ಹಳದಿ ಮಣ್ಣಿನ ಮೇಲೆ, ತಲೆಯ ಮಟ್ಟದಲ್ಲಿ, ಕರುವಿನ ಗಾತ್ರದ ನುಣುಪುಗಲ್ಲುಗಳು ಒತ್ತೊತ್ತಾಗಿ ಕೂತಿದ್ದವು.

"ಬರ್ಫ ಕರಗಿ ಹಿಂದ ಸರೀತು. ಸಮುದ್ರ ಕಾಯ್ತು, ಮಳಿ ತಿರುಗಿ ಬಂತು. ಆವಾಗ ಇವನ್ನೆಲ್ಲಾ ಹೊಳಿನ ಉಳ್ಳಿಸಿಕೊಂಡ ಬಂದೈತಿ. ಮ್ಯಾಲಿನ ನಿಮ್ಮ ಕರಿಮಣ್ಣೂ ಹೊಳಿನ ತಂದಿಟ್ಟದ್ದು."

ತಾರಾಬಾಯಿ ಒಂದು ಕಲ್ಲನ್ನು ಮುಟ್ಟಿದಳು. ಎರಡು ಎತ್ತು ಹೂಡಿದರೂ ಕದಲದ ಕಲ್ಲು. ಅದನ್ನು ಉರುಳಿಸಿದ ನೀರು ಎಂಥದ್ದಿರಬೇಕು ಎಂದು ಯೋಚಿಸುತ್ತ ಕೈ ಹಿಂದೆಗೆದಳು.

"ಆವಾಗ ಇಲ್ಲಿ ಮಂದಿ ಇದ್ರೇನ?"

"ಇದ್ರು. ಅವರು ಕಲ್ಲಿನಾಗ ಮಾಡಿದ ಹತ್ಯಾರ ಈ ಕಡೆ ಸಿಕ್ಕಾವ."

"ಹೊಳಿ ಬಂದಾಗ ಎಲ್ಲಿ ಹ್ವಾದ್ರು?"

ಶ್ರದ್ಧಾ ತಿರುಗಿ ಮಣ್ಣು ಕೆರೆಯತೊಡಗಿದಳು. ಊಟದ ಹೊತ್ತಿಗೆ ತಾರಾಬಾಯಿ ಇದನ್ನು ಹೇಳಿದಾಗ ಗಂಡ ನೇಮಣ್ಣ ನಕ್ಕುಬಿಟ್ಟ. "ಹತ್ತ ಸಾವಿರ ವರ್ಷದ ಹಿಂದಿನ ನೀರಿಗೆ ಇವತ್ತ ಅಂಜತಿಯೇನ?" ಅವಳೂ ನಕ್ಕಳು. ಆದರೆ ಅಂದಿನಿಂದ ಅಂಗಳ ಗುಡಿಸುವಾಗಲೂ ಕಾಲ ಕೆಳಗಿನ ಆ ಕಲ್ಲುಗಳ ನೆನಪು ಬರುತ್ತಿತ್ತು.

ಮುಂದೆ ಮಳೆ ಹಿಡಿದುಕೊಂಡಿತು. ಬಿಡುವೇ ಇಲ್ಲ. ಒಂದು ಮಧ್ಯಾಹ್ನ ಜೀಪೊಂದು ಮೈಕಿನಲ್ಲಿ ಸಾರುತ್ತ ಹೋಯಿತು: ಆಣೆಕಟ್ಟಿನಿಂದ ನೀರು ಬಿಡುತ್ತಾರೆ, ದಂಡೆಯ ಮಂದಿ ಮೇಲಕ್ಕೆ ಹೋಗಬೇಕು. ನೇಮಣ್ಣ ದನದ ಕೊಟ್ಟಿಗೆಗೆ ಓಡಿದ. ತಾರಾಬಾಯಿ ಶ್ರದ್ಧಾಳನ್ನು ಕೂಗಿದಳು. ಮನೆಯಲ್ಲಿ ಅವಳಿಲ್ಲ, ಸುತ್ತಿಗೆಯೂ ಇಲ್ಲ.

ದಂಡೆಯ ಮಣ್ಣಿಗೆ ಹೊಡೆದಿಟ್ಟ ಕೊಳವೆಗಳ ಮಾತನ್ನು ಹುಡುಗಿ ಬೆಳಿಗ್ಗೆಯಷ್ಟೇ ಆಡಿದ್ದಳು. ಒಳಗಿನ ಮಣ್ಣು ಬಿಸಿಲು ಕಾಣದೆ ಹೊರಬಂದರೆ ಮಾತ್ರ ಅದರ ವಯಸ್ಸು ತಿಳಿಯುತ್ತದಂತೆ. ಅವನ್ನು ಕೀಳಲಿಕ್ಕೇ ಇಳಿದಿದ್ದಾಳೆ.

ತಾರಾಬಾಯಿ ಕಬ್ಬಿನ ನಡುವೆ ಓಡಿದಳು. ದಂಡೆ ಇನ್ನೂ ಹತ್ತು ಮಾರು ಇರುವಾಗಲೇ ಕಾಲು ತಾನಾಗಿ ನಿಂತಿತು. ಹೊಲಕ್ಕೆ ಅಡ್ಡಲಾಗಿ ಬಿರುಕು ಬಿಟ್ಟಿತ್ತು. ಮೊದಲು ಬೆರಳಿನಷ್ಟು, ಅವಳು ನೋಡುತ್ತಿದ್ದಂತೆಯೇ ಗೇಣಿನಷ್ಟಾಯಿತು. ಮಳೆನೀರು ಸದ್ದಿಲ್ಲದೆ ಅದರೊಳಗೆ ಇಳಿಯುತ್ತಿತ್ತು. ಆಚೆಗಿನ ಕಬ್ಬೆಲ್ಲ ಹೊಳೆಯ ಕಡೆಗೆ ವಾಲಿತ್ತು. ಅದರ ಕೆಳಗೇ ಶ್ರದ್ಧಾ.

"ಶ್ರದ್ಧಾ!"

ಹೊಳೆಯ ಮೊರೆತದಲ್ಲಿ ಅವಳ ದನಿ ಅವಳಿಗೇ ಕೇಳಿಸಲಿಲ್ಲ. ತಿರುಗಿ ಓಡು ಎಂದು ಮೈಯೆಲ್ಲ ಹೇಳುತ್ತಿತ್ತು. ದಿನಾ ಜಪಿಸುವ ಣಮೋಕಾರ ಮಂತ್ರದ ಒಂದು ಅಕ್ಷರವೂ ನೆನಪಿಗೆ ಬರಲಿಲ್ಲ. ಅವಳು ಸೀರೆ ಎತ್ತಿ ಸಿಕ್ಕಿಸಿಕೊಂಡು ಬಿರುಕು ದಾಟಿದಳು.

ಆಚೆಯ ನೆಲ ಪಾದದಡಿಯಲ್ಲಿ ನಡುಗುತ್ತಿತ್ತು. ಹೊಟ್ಟೆಯ ಮೇಲೆ ತೆವಳಿ ಅಂಚಿಗೆ ಬಂದು ಇಣುಕಿದಳು. ಶ್ರದ್ಧಾಳ ಮೊಳಕಾಲಿಗೆ ನೀರು ಬಂದಿತ್ತು. ಒಂದು ಕೊಳವೆ ಬಗಲಲ್ಲಿ, ಇನ್ನೊಂದನ್ನು ಎಳೆಯುತ್ತಿದ್ದಳು.

"ಬಿಡ ಅದನ್ನ! ದಂಡಿ ಕುಸ್ಯಾಕತ್ತೇತಿ!"

ಹುಡುಗಿ ಮೇಲೆ ನೋಡಿದಳು. ಕಾಕೂನ ಮುಖ ಕಂಡದ್ದೇ ಎರಡನ್ನೂ ಬಿಟ್ಟು ಕೊರಕಲನ್ನು ಹತ್ತತೊಡಗಿದಳು. ಕೈಗೆ ಸಿಕ್ಕ ಮಣ್ಣೆಲ್ಲ ಕೈಯಲ್ಲೇ ಕರಗಿ ಬರುತ್ತಿತ್ತು. ತಾರಾಬಾಯಿ ಅವಳ ಜಡೆ, ರಟ್ಟೆ, ಏನು ಸಿಕ್ಕಿತೋ ಅದನ್ನು ಹಿಡಿದು ಎಳೆದಳು. ಇಬ್ಬರೂ ಎದ್ದು ಬಿದ್ದು ಓಡಿದರು. ಬಿರುಕು ಈಗ ಮಾರಗಲ. ಹಾರಿದರು. ತಾರಾಬಾಯಿಯ ಒಂದು ಕಾಲು ಒಳಗೆ ಜಾರಿತು. ಶ್ರದ್ಧಾ ಅವಳ ಸೆರಗು ಜಗ್ಗಿದಳು.

ಹಿಂದೆ ಸಿಡಿಲಿನ ಸದ್ದಲ್ಲ, ದೊಡ್ಡದೊಂದು ನಿಟ್ಟುಸಿರಿನಂಥ ಸದ್ದು. ತಿರುಗಿ ನೋಡಿದರೆ ನಿಂತ ಕಬ್ಬು ನಿಂತ ಹಾಗೆಯೇ ಕೆಳಗಿಳಿದು ಹೋಯಿತು. ನೀರು ಅದನ್ನು ಮಗುಚಿ ಒಯ್ದಿತು. ಆಮೇಲೆ ಆಳದಲ್ಲಿ ಗಡಗಡ ಶುರುವಾಯಿತು. ಹಳೆಯ ಕಲ್ಲುಗಳು ಮತ್ತೆ ಉರುಳುತ್ತಿದ್ದವು.

ನೇಮಣ್ಣ ಎಮ್ಮೆಯ ಹಗ್ಗ ಹಿಡಿದು ಓಡಿಬಂದ. ಹೊಲದ ಅರ್ಧ ಇದ್ದ ಜಾಗದಲ್ಲಿ ಕೆಂಪು ನೀರು ಕಂಡು ಅಲ್ಲೇ ನಿಂತ.

"ಇನ್ನ ಎಷ್ಟ ಬರ್ತೇತಿ?" ಎಂದು ಶ್ರದ್ಧಾಳನ್ನೇ ಕೇಳಿದ.

"ಗೊತ್ತಿಲ್ಲ ಕಾಕಾ," ಎಂದಳು ಹುಡುಗಿ.

ನೇಮಣ್ಣ ಮನೆಯ ಕಡೆ ನೋಡಲೇ ಇಲ್ಲ. ಎಮ್ಮೆಯ ಹಗ್ಗವನ್ನು ಹೆಂಡತಿಯ ಕೈಗೆ ಕೊಟ್ಟು, "ನಡೀರಿ, ಗುಡ್ಡದ ಕಡೆ ನಡೀರಿ" ಎಂದ. ಮೂವರೂ ಮಳೆಯಲ್ಲಿ ಏರುದಾರಿ ಹಿಡಿದರು.