ಗ್ರೈಂಡರ್ ಒಂದು, ಹಿಟ್ಟು ಸಮೇತ

ಪುಂಜಾಲಕಟ್ಟೆಯಲ್ಲಿ ಭೋಜ ಎಂಬವನ ಬಾರಿನಲ್ಲಿ ಸೇಸಮ್ಮ ಹನ್ನೊಂದು ವರ್ಷದಿಂದ ಅಡುಗೆಯವಳು. ಬಾಟಲಿಗಳ ಕಡೆ ಅವಳು ತಲೆ ಹಾಕಿದವಳಲ್ಲ. ಹಿಂಬದಿಯ ಅಡುಗೆಕೋಣೆ, ಬೆಳಗ್ಗಿನ ಇಡ್ಲಿ, ಮಧ್ಯಾಹ್ನದ ಊಟ, ಅಷ್ಟೇ. ಧಣಿ ಅಬಕಾರಿ ಸುಂಕ ಬಾಕಿ ಇಟ್ಟದ್ದು ಅವಳಿಗೆ ತಿಳಿದದ್ದೇ, ಇನ್‌ಸ್ಪೆಕ್ಟರ್ ಸ್ವರ್ಣಲತಾ ಲಾರಿ ಸಮೇತ ಬಂದು ಫ್ರಿಜ್ಜು, ಫ್ಯಾನು, ಮೇಜು ಎಂದು ಜಪ್ತಿ ಪಟ್ಟಿ ಬರೆಸತೊಡಗಿದಾಗ. ಭೋಜ ಫೋನ್ ಆಫ್ ಮಾಡಿದ್ದ.

ಪಟ್ಟಿ ಗ್ರೈಂಡರಿನವರೆಗೆ ಬಂತು. ಅದು ಆಗ ತಿರುಗುತ್ತಿತ್ತು.

"ಇದು ನನ್ನದು ಮೇಡಂ," ಎಂದಳು ಸೇಸಮ್ಮ. "ಧಣಿಗಳದ್ದು ಕೆಟ್ಟುಹೋದ ಮೇಲೆ ನಾನೇ ಮನೆಯಿಂದ ತಂದದ್ದು."

"ಬಿಲ್ ಉಂಟಾ?"

"ಬಿಲ್ ಇಲ್ಲ. ಆದರೆ ಎಡಗಡೆ ಒಂದು ಗುದ್ದು ಕೊಡದೆ ಇದು ಶುರು ಆಗುವುದಿಲ್ಲ. ಅದು ನನಗೆ ಮಾತ್ರ ಗೊತ್ತು."

ಸ್ವರ್ಣಲತಾ ಸ್ವಲ್ಪ ಯೋಚಿಸಿದರು. "ಗುದ್ದನ್ನು ದಾಖಲೆ ಅಂತ ಹಿಡಿಯಲಿಕ್ಕೆ ಆಗುವುದಿಲ್ಲ ಅಮ್ಮ. ನಾಳೆ ಕಚೇರಿಗೆ ಬಂದು ಅರ್ಜಿ ಕೊಡಿ."

"ಹಾಗಾದರೆ ಹಿಟ್ಟನ್ನಾದರೂ ತೆಗೆಯುತ್ತೇನೆ."

"ಪಟ್ಟಿಗೆ ಸೇರಿದ ಮೇಲೆ ಏನೂ ತೆಗೆಯುವ ಹಾಗಿಲ್ಲ."

"ಉದ್ದು ಹಾಕಿದ್ದು ಮೇಡಂ. ಉಬ್ಬುತ್ತದೆ."

"ಬರೆಯಿರಿ," ಎಂದರು ಸ್ವರ್ಣಲತಾ, ಪಟ್ಟಿ ಬರೆಯುತ್ತಿದ್ದ ಗಾರ್ಡಿನ ಕಡೆ ತಿರುಗಿ. "ಗ್ರೈಂಡರ್ ಒಂದು, ಹಿಟ್ಟು ಸಮೇತ."

ಗ್ರೈಂಡರಿನ ಬಾಯಿಗೆ ಬಟ್ಟೆ ಬಿಗಿದು, ಗಂಟಿನ ಮೇಲೆ ಅರಗಿನ ಸೀಲ್ ಒತ್ತಿದರು. ಲಾರಿ ಹೋದ ಮೇಲೂ ಸೇಸಮ್ಮ ಅಂಗಳದಲ್ಲೇ ನಿಂತಿದ್ದಳು. ಅವಳ ಹೆಸರಿನಲ್ಲಿ ಜಾಗವಿಲ್ಲ, ಚಿನ್ನವಿಲ್ಲ. ಇದ್ದದ್ದು ಅದೊಂದೇ.

ರಾತ್ರಿಯೇ ಅರ್ಜಿ ಬರೆಸಿಕೊಂಡು ಮರುದಿನ ಮೊದಲ ಬಸ್ಸಿಗೇ ಹೊರಟಳು. ಕಚೇರಿಯ ಮೆಟ್ಟಿಲಲ್ಲೇ ಹುಳಿವಾಸನೆ ಬಡಿಯಿತು. ಹಿಟ್ಟು ಬಟ್ಟೆಯನ್ನು ಎತ್ತಿ, ಸೀಲನ್ನು ಸೀಳಿ, ಕೆಳಗಿಟ್ಟಿದ್ದ ಭೋಜನ ಫೈಲಿನ ಮೇಲೆ ಇಳಿದಿತ್ತು. ಸ್ವರ್ಣಲತಾ ಸೊಂಟಕ್ಕೆ ಕೈಕೊಟ್ಟು ನೋಡುತ್ತಿದ್ದರು.

"ಸರಕಾರದ ಸೀಲ್ ಒಡೆದದ್ದು ಯಾರು ಅಂತ ಬರೆಯಲಿ?"

"ಉದ್ದು," ಎಂದಳು ಸೇಸಮ್ಮ.

ಸ್ವರ್ಣಲತಾ ಕಪಾಟಿನಿಂದ ನಿಯಮಗಳ ಪುಸ್ತಕ ತೆಗೆದರು. ದುಡಿದು ತಿನ್ನುವವರ ಕಸುಬಿನ ಉಪಕರಣವನ್ನು ಜಪ್ತಿ ಮಾಡುವ ಹಾಗಿಲ್ಲವೆಂದು ಅದರಲ್ಲಿತ್ತು. ಒಮ್ಮೆ ಮನಸ್ಸಿನಲ್ಲಿ ಓದಿದರು, ಇನ್ನೊಮ್ಮೆ ಗಟ್ಟಿಯಾಗಿ ಓದಿದರು. ಅರ್ಜಿಯ ಮೇಲೆ ಸಹಿ ಬಿತ್ತು. ಗಾರ್ಡುಗಳೇ ಗ್ರೈಂಡರನ್ನು ರಿಕ್ಷಾಕ್ಕೆ ಏರಿಸಿದರು. ನೆಲ ಒರೆಸುವವರೆಗೆ ನಿಲ್ಲುತ್ತೀರಾ ಎಂದು ಒಬ್ಬ ಕೇಳಿದ. ಅವಳು ನಿಂತು, ಒರೆಸಿಯೂ ಕೊಟ್ಟಳು.

ಈಗ ಮಿಜಾರಿನ ಒಂದು ಹಾಸ್ಟೆಲಿಗೆ ಅವಳದ್ದೇ ಇಡ್ಲಿ. ಮೊನ್ನೆ ಭೋಜ ಬಂದು, ಬಾಕಿ ಕಟ್ಟಿ ಆಯಿತು, ವಾಪಸ್ ಬಾ ಎಂದ. ಸೇಸಮ್ಮ ಅವನಿಗೆ ಚಾ ಕೊಟ್ಟಳು.

"ಇಲ್ಲಿ ಭಾನುವಾರ ರಜೆ ಉಂಟು ಧಣಿ," ಎಂದಳು.